ಏಳನೆಯ ಕ್ಷಮೆ

ಗಣಿತದ ಟೀಚರ್ ಗಿರಿಜಾಂಬ ರಾತ್ರಿ ಹಾಕಿಕೊಂಡಿದ್ದ ಹಲ್ಲಿನ ಕವಚ ಕಳಚಿ ದಂತ ಕ್ಲಿನಿಕ್ಕಿನ ಯಂತ್ರಕ್ಕೆ ಹಾಕಿದರು. ರಾತ್ರಿಯಿಡೀ ಯಾರ ಮೇಲೆ ಹಲ್ಲು ಕಡಿದಿದ್ದರೋ ಅವರ ಹೆಸರಿನ ಚೀಟಿ ಹೊರಬಂತು: ಹೆಡ್‌ಮಾಸ್ಟರ್ ಚನ್ನವೀರಪ್ಪ.

ಹೆಸರು ಬಂದವರು ಖುದ್ದಾಗಿ ಬಂದು ಕ್ಷಮೆ ಕೇಳಬೇಕು, ಅದೇ ಚಿಕಿತ್ಸೆ. ಚನ್ನವೀರಪ್ಪನವರಿಗೆ ಇದು ಈ ತಿಂಗಳ ಏಳನೆಯ ಕರೆ. ಕ್ಲಿನಿಕ್ಕಿನಲ್ಲಿ ಅಲ್ಲಾಡುವ ಕುರ್ಚಿ ಯಾವುದೆಂದೂ ಅವರಿಗೆ ಗೊತ್ತಿತ್ತು.

ಬೀಳ್ಕೊಡುಗೆ ಭಾಷಣದ ದನಿಯಲ್ಲಿ, "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡಿ ಮೇಡಂ" ಎಂದರು.

ಕಟಕಟ ಸದ್ದು ಕೇಳಿಸಿತು.

"ನೋಡಿ ಡಾಕ್ಟ್ರೇ, ನಾನು ಕ್ಷಮೆ ಕೇಳಿದ್ರೂ ಇವರು ಹಲ್ಲು ಕಡಿಯೋದು ನಿಂತಿಲ್ಲ!"

ಡಾಕ್ಟರ್ ಸುಗುಣಾ ಮಾಸ್ಕ್ ಇಳಿಸಿ, ತಮ್ಮ ಬಾಯಿಂದಲೇ ಕವಚ ತೆಗೆದು ಯಂತ್ರಕ್ಕೆ ಹಾಕಿದರು.

"ಅದು ಅವರದಲ್ಲ ಸಾರ್, ನಂದು. 'ಏನಾದ್ರೂ' ಅಂದ್ರಲ್ಲ, ಅದು ಏನು ಅಂತ ತಿಳ್ಕೊಂಡು ನಾಳೆ ಬನ್ನಿ. ನೀವು ನಮ್ಮಿಬ್ಬರ ಹತ್ರಾನೂ ಕ್ಷಮೆ ಕೇಳೋದಿದೆ."