ಮನೆಯಲ್ಲಿ ಎಷ್ಟು ಜನ?

ಗರ್ಭಿಣಿ ಮಗಳಿಗೆ "ಮನೆ ಬಿಟ್ಟು ನಡೆ" ಎಂದವರನ್ನು ಮನೆಯ ಬಾಗಿಲೇ ಹೊರಹಾಕಬೇಕೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ಗದಗಿನ ಬಸ್ ಕಂಡಕ್ಟರ್ ಫಕೀರಪ್ಪ ಈ ವಾರ ಹೊರಬಿದ್ದದ್ದು ಇದು ಮೂರನೆಯ ಸಲ. ಮದುವೆಯಾಗದೆ ಬಸುರಾಗಿದ್ದ ಹತ್ತೊಂಬತ್ತರ ಮಗಳು ದಾಕ್ಷಾಯಿಣಿ ಕಿಟಕಿಯ ಪಕ್ಕದ ಅಪ್ಪನ ಕುರ್ಚಿಯಲ್ಲಿ ಕುಳಿತು, ಉಪ್ಪು ಖಾರ ಹಚ್ಚಿದ ಪೇರಲಹಣ್ಣು ತಿನ್ನುತ್ತಿದ್ದಳು.

ಎದುರುಮನೆಯ ಗುರವ್ವ ಎಂದಿನಂತೆ ಚಹಾ ತಂದಳು.

"ಮಂದಿ ಏನಂತಾರ ಗುರವ್ವಾ?" ಎಂದ ಫಕೀರಪ್ಪ.

"ಮಂದಿ ಅಂದ್ರ ನಾವ ಅಲ್ಲೇನಪಾ? ನಾ ಏನೂ ಅಂದಿಲ್ಲ. ಚಾ ಕುಡಿ."

ಮೊದಲೆರಡು ಸಲ ಸ್ವಲ್ಪ ಹೊತ್ತಿಗೆ ತಾನಾಗಿಯೇ ತೆರೆದಿದ್ದ ಬಾಗಿಲು, ಮೂರನೆಯ ಸಲದ ನಿಯಮದಂತೆ, ಪ್ರಶ್ನೆ ಕೇಳಿತು: "ಈ ಮನೆಯಲ್ಲಿ ಎಷ್ಟು ಜನ?"

"ನಾನು, ಹೆಂಡ್ತಿ, ಮಗಳು. ಮೂರು."

ಬಾಗಿಲು ತೆರೆಯಲಿಲ್ಲ.

"ಇಪ್ಪತ್ತಾರು ವರ್ಷ ಸರ್ವೀಸ್ ಆಗೇತಿ, ತಲಿ ಎಣಿಸೋದ್ರಾಗ ಒಮ್ಮೆನೂ ತಪ್ಪಿಲ್ಲ!" ಫಕೀರಪ್ಪ ಗುಡುಗಿದ.

"ಅಪ್ಪಾ, ಒಬ್ಬರನ್ನ ಬಿಟ್ಟಿ," ಎಂದು ಮಗಳು ಕಿಟಕಿಯಿಂದ ನಕ್ಕಳು.

"ಅದಕ್ಕೆಲ್ಲಿ ಟಿಕೆಟ್? ಆರು ವರ್ಷದೊಳಗಿನವ್ರು ಲೆಕ್ಕಕ್ಕ ಬರೂದಿಲ್ಲ!"

ಬಾಗಿಲು ಅಲುಗಲಿಲ್ಲ. ಫಕೀರಪ್ಪ ಗಂಟಲು ಸರಿಮಾಡಿಕೊಂಡ.

"ಹೋಗ್ಲಿ, ಮೂರೂವರಿ."

ಗುರವ್ವ ನಕ್ಕ ರಭಸಕ್ಕೆ ಚಹಾ ಚೆಲ್ಲಿತು. ಬಾಗಿಲು ಮಾತ್ರ ಜಗ್ಗಲಿಲ್ಲ. ಅವನು ತುಸು ಹೊತ್ತು ಮಗಳ ಮುಖವನ್ನೇ ನೋಡಿದ.

"ನಾಲ್ಕು," ಎಂದ ಮೆಲ್ಲಗೆ. "ನಾಲ್ಕು ಮಂದಿ ಅದೀವಿ."

ಬಾಗಿಲು ತೆರೆಯಿತು. ಅಪ್ಪ ಒಳಗೆ ಬಂದದ್ದನ್ನು ಕಂಡು ದಾಕ್ಷಾಯಿಣಿ ಕುರ್ಚಿಯಿಂದ ಏಳಹೋದಳು.

"ಕುಂದ್ರು, ಕುಂದ್ರು," ಎನ್ನುತ್ತ ಫಕೀರಪ್ಪ ನೆಲದ ಮೇಲೆ ಕುಳಿತ. "ಅದು ಮೀಸಲು ಸೀಟು."