ತೊಲೆಗೆ ಒತ್ತಿದ ಅಂಗೈ

ಮನೆಯ ಅಜ್ಜಿಯ ಗಾಲಿಕುರ್ಚಿ ಹೊಸ್ತಿಲು ದಾಟಿ ಹೊಸ ಮರದ ಜಗಲಿಗೆ ಬಂದಾಗ, ಬಡಗಿ ಜಗಲಿಯ ಹಲಗೆಗಳ ಕೆಳಗೆ ಅಂಗಾತ ಮಲಗಿ ನಡುವಿನ ಅಡ್ಡತೊಲೆಗೆ ಅಂಗೈ ಒತ್ತಿದ್ದ. ಬರೀ ಮೊಳೆ ಹೊಡೆದರೆ ಸಾಕೆಂದು ಅಜ್ಜಿಯ ಮಗ ಗೊಣಗಿದರೂ ಕೇಳದೆ, ಒಂದೊಂದು ತೊಲೆಯ ತುದಿಯನ್ನೂ ಕಬ್ಬಿಣದ ಬ್ರಾಕೆಟ್ಟಿನೊಳಗೆ ಕೂರಿಸಿದ್ದವನು ಅವನೇ. ಆದರೂ ಅಂಗೈ ತೆಗೆಯಲಿಲ್ಲ.

ಗಾಲಿಗಳು ಅವನ ಮುಖದ ನೇರ ಮೇಲೆ ಬಂದು ನಿಂತವು. ಹಲಗೆಗಳ ಸಂದಿಯಿಂದ ಅಜ್ಜಿಯ ದನಿ ಇಳಿಯಿತು. “ಕೆಳಗೆ ಏನಪ್ಪಾ ಮಾಡ್ತಿದೀಯ?”

“ತೊಲೆ ಹಿಡ್ಕೊಂಡಿದೀನಿ ಅಜ್ಜಿ. ಅಲುಗಾಡಿದ್ರೆ ಗೊತ್ತಾಗ್ಲಿ ಅಂತ.”

“ನನ್ನ ಭಾರಾನ ನೀನು ಹಿಡೀತೀಯಾ? ಅಪ್ಪಚ್ಚಿ ಆಗ್ಹೋಗ್ತೀಯ!” ಅಜ್ಜಿ ನಕ್ಕರು. ಆಮೇಲೆ ದನಿ ತಗ್ಗಿತು. “ಮೂರು ವರ್ಷದಿಂದ ಈ ಬಾಗಿಲು ದಾಟ್ಬೇಕಂದ್ರೆ ಇಬ್ಬರು ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಬೇಕಿತ್ತು. ಇವತ್ತು ಯಾರೂ ಮುಟ್ಟಿಲ್ಲ. ನೀನೂ ಕೈ ತೆಗಿ, ನೋಡೋಣ.”

ಅವನು ಕೈ ತೆಗೆದ. ತೊಲೆ ಕದಲಲಿಲ್ಲ.

“ತೆಗೆದ್ಯಾ?”

“ಆಗ್ಲೇ ತೆಗೆದೆ ಅಜ್ಜಿ.”

“ಗೊತ್ತೇ ಆಗ್ಲಿಲ್ಲ ನೋಡು! ನಿನ್ನ ಹೊಟ್ಟೆ ತಣ್ಣಗಿರ್ಲಿ,” ಎನ್ನುತ್ತಾ ಅಜ್ಜಿ ಗಾಲಿಗಳನ್ನು ತಾವೇ ತಳ್ಳಿಕೊಂಡು ಬಿಸಿಲಿನತ್ತ ಹೊರಟರು.