ಮನೆಗೆಲ್ಲ ತಗುಲಿದ ಮರೆವು

ಮೊದಲು ತಗುಲಿದ್ದು ಮಗನಿಗೆ. ಬೆಳಿಗ್ಗೆ ಹಲ್ಲುಜ್ಜಿ ಬಂದವನು ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, "ಅಮ್ಮಾ, ನಾನ್ಯಾರು ಹೇಳು" ಎಂದ.

ತಾಯಿ ಊರಿಗೆಲ್ಲ ಸಿಸ್ಟರಮ್ಮ. ಜ್ವರದ ವಾರ್ಡಿನಲ್ಲೇ ತಲೆ ನರೆಸಿಕೊಂಡ ನರ್ಸು ಅವರು. ವೈರಸ್ಸು ಮಿದುಳಿಗೇರಿದವರು ತಮ್ಮ ಹೆಸರನ್ನೇ ಮರೆಯುವುದನ್ನು ಕಣ್ಣಾರೆ ಕಂಡವರು. "ನನ್ನ ಮಗ ಕಣೋ ನೀನು" ಎಂದು ಸಮಾಧಾನ ಹೇಳಿ ಅವನ ಹಣೆ ಮುಟ್ಟಿದರು. ಬಿಸಿಯಿರಲಿಲ್ಲ. ಒಳಜ್ವರ, ಅದು ಇನ್ನೂ ಅಪಾಯ.

ಆಮೇಲೆ ಸೊಸೆ. "ಇವತ್ತು ಯಾವ ವಾರ ಅತ್ತೆ?" ದಿನಾ ಇದೇ ಪ್ರಶ್ನೆ. ಪಾಪ, ತನ್ನ ಮನೆಯ ಬಾಗಿಲುಗಳ ಗುರುತೇ ಸಿಗದೆ ಒಂದಕ್ಕೆ 'ಬಚ್ಚಲು', ಇನ್ನೊಂದಕ್ಕೆ 'ಅಡುಗೆಮನೆ' ಎಂದು ಚೀಟಿ ಅಂಟಿಸಿಕೊಂಡಿದ್ದಳು. ಹೊರಬಾಗಿಲಿಗೆ ಒಳಗಿನಿಂದ ಬೀಗ. ಎಲ್ಲಿ ದಾರಿ ತಪ್ಪಿಬಿಡುತ್ತೇವೋ ಎಂದು ಗಂಡಹೆಂಡಿರಿಗೇ ಭಯ ಹುಟ್ಟಿರಬೇಕು.

ಬಂದ ನೆಂಟರನ್ನೂ ಕಾಯಿಲೆ ಬಿಡಲಿಲ್ಲ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಅವರಿಗೆ ಎದುರಿನ ಕುರ್ಚಿಯಲ್ಲಿದ್ದ ಸಿಸ್ಟರಮ್ಮನೇ ಕಾಣದಂತಾಗುತ್ತಿತ್ತು. "ನಾನೂ ಇಲ್ಲೇ ಇದೀನಲ್ರೀ" ಎಂದರೆ ಗೋಡೆ ಮಾತಾಡಿದ ಹಾಗೆ ಬೆಚ್ಚುತ್ತಿದ್ದರು. ದೃಷ್ಟಿಗೂ ಇಳಿದಿದೆ ಎಂದುಕೊಂಡರು ಸಿಸ್ಟರಮ್ಮ.

ಉಳಿದವಳು ಮೊಮ್ಮಗಳು ಪುಟ್ಟಿ ಒಬ್ಬಳೇ. ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಶಾಲೆಯ ಚಾಡಿಯೆಲ್ಲ ಹೇಳುತ್ತಿದ್ದಳು. ಬೇರೆ ಯಾರೂ ಹಾಗೆ ಕೂತು ಮಾತಾಡಿ ಎಷ್ಟು ಕಾಲವಾಗಿತ್ತೋ. ಇವಳಿಗಾದರೂ ತಗುಲಬಾರದು. ಸಿಸ್ಟರಮ್ಮ ತಾವು ದುಡಿದ ಆಸ್ಪತ್ರೆಗೇ ಫೋನು ಮಾಡಿದರು.

ಬಂದ ಡಾಕ್ಟರು ಹೊಸಬರು, ಮೀಸೆ ಈಗಷ್ಟೇ ಮೂಡಿದ ಮುಖ. ಫೋನಿನ ಖಡಕ್ಕು ದನಿಗೆ ಹೆದರಿ ಓಡಿಬಂದಿದ್ದರು.

"ಮೊದಲು ಇವನನ್ನ ನೋಡಿ" ಎಂದು ಸಿಸ್ಟರಮ್ಮ ಮಗನನ್ನು ಮುಂದಕ್ಕೆ ತಳ್ಳಿದರು. "ನಾಲಿಗೆ ಚಾಚೋ."

ಮಗ ಚಾಚಿದ. ಸೊಸೆ ಕಂಕುಳಲ್ಲಿ ಥರ್ಮಾಮೀಟರು ಇಟ್ಟುಕೊಂಡು ತುಟಿ ಕಚ್ಚಿ ನಿಂತಳು.

"ನಗಬೇಡಮ್ಮ, ಜಾರಿ ಬೀಳತ್ತೆ" ಎಂದರು ಸಿಸ್ಟರಮ್ಮ.

ಡಾಕ್ಟರು ಮಗನನ್ನು ಕಿಟಕಿಯ ಬಳಿಗೆ ಕರೆದೊಯ್ದರು. "ಎಷ್ಟು ದಿನದಿಂದ ಹೀಗೆ?"

"ವರ್ಷದ ಮೇಲಾಯ್ತು ಡಾಕ್ಟ್ರೇ."

ವರ್ಷದ ಮೇಲೆ! ಹೆತ್ತವಳಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಾನೆ, ಕಳ್ಳ.

ಡಾಕ್ಟರು ಬಂದು ಸಿಸ್ಟರಮ್ಮನ ಎದುರು ಕೂತರು. ಮಣಿಕಟ್ಟಿಗೆ ಕಟ್ಟಿದ್ದನ್ನು ಬಿಚ್ಚಿ ಮುಂದೆ ಹಿಡಿದರು. "ಸಿಸ್ಟರ್, ಇದೇನು ಹೇಳಿ ನೋಡೋಣ."

ಹೋಯಿತು, ಇವರಿಗೂ ಅಂಟಿತು. ಸ್ವಂತ ಕೈಗೆ ಕಟ್ಟಿಕೊಂಡದ್ದೇ ಗೊತ್ತಿಲ್ಲ. ಹೇಳಿಕೊಡೋಣವೆಂದು ಸಿಸ್ಟರಮ್ಮ ಬಾಯಿ ತೆರೆದರು. ಅದರ ಮುಳ್ಳು ನೋಡಿಕೊಂಡೇ ಊರಿನ ಅರ್ಧ ಜನರ ನಾಡಿ ಎಣಿಸಿದವರು ಅವರು. ತೆರೆದ ಬಾಯಿ ತೆರೆದೇ ಉಳಿಯಿತು.

"ವಾಚು ಅಜ್ಜಿ, ವಾಚು" ಎಂದು ಪಿಸುಗುಟ್ಟುತ್ತ ಪುಟ್ಟಿ ಮಡಿಲೇರಲು ಬಂದಳು.

ಸಿಸ್ಟರಮ್ಮ ಅವಳನ್ನು ತೋಳಿನುದ್ದ ದೂರ ಸರಿಸಿದರು. "ಹತ್ತಿರ ಬರಬೇಡ ಪುಟ್ಟಿ. ನನಗೂ ತಗುಲಿದೆ."